ಭರಣಿಯ ತಳದ ಉಪ್ಪು

ಏಪ್ರಿಲ್ 3, ಗುರುವಾರ

"ನೀರಿಗೆ ಉಪ್ಪಿನ ನೆನಪಿರುವುದಿಲ್ಲ." ಈ ಒಂದು ಸಾಲು ಬೆಳಗಿನಿಂದ ತಲೆಯಲ್ಲಿ ಸುತ್ತುತ್ತಿದೆ. ಹಿಂದಿನ ಸಾಲು ನೆನಪಿಲ್ಲ, ಮುಂದಿನದೂ ಇಲ್ಲ. ಹೈದರಾಬಾದಿಗೆ ಬರುವ ಮೊದಲು, ಕಲಬುರಗಿಯಲ್ಲಿ ಬಿ.ಎಸ್ಸಿ. ಓದುವಾಗ ಕಾಲೇಜಿನ ಗೋಡೆಪತ್ರಿಕೆಯಲ್ಲಿ ಯಾರೋ ಬರೆದದ್ದಿರಬೇಕು. ಆಗ ಓದಿ ಕಣ್ಣು ತುಂಬಿಕೊಂಡಿದ್ದೆ. ಇವತ್ತು ಬಸ್ಸಿನಲ್ಲಿ ಕೂತು ಯೋಚಿಸಿದರೆ, ಇದು ನಿಜವೇ ಅನ್ನಿಸಿತು. ಒಂದು ಹನಿ ನಾಲಿಗೆಗೆ ತಾಗಿಸಿದರೆ ಸಾಕು, ನೀರಿಗೆ ಎಲ್ಲ ನೆನಪಿರುತ್ತದೆ. ಸುಮ್ಮನೆ ಚೆಂದಕ್ಕೆ ಬರೆದ ಸಾಲು.

ಬರೆದರೆ ಮನಸ್ಸು ನೆಟ್ಟಗಾಗಬಹುದು ಎಂದು ಈ ಡೈರಿ. ಇವತ್ತು ನಳಿನಿ ಮೇಡಂ ಕರೆದು ಕೂರಿಸಿಕೊಂಡರು. ಅವರು ನನ್ನ ಗೈಡ್. ನನಗಿಂತ ಒಂಬತ್ತು ವರ್ಷ ಚಿಕ್ಕವರು, ಅದಕ್ಕೇ ನನ್ನನ್ನು ಗದರುವಾಗ ಅವರಿಗೇ ಹೆಚ್ಚು ಸಂಕಟ. ಮೇ ಮೂವತ್ತೊಂದಕ್ಕೆ ನನ್ನ ಪಿಎಚ್.ಡಿ. ನೋಂದಣಿಯ ಆರು ವರ್ಷ ಮುಗಿಯುತ್ತದೆ. ಮೇ ಹದಿನಾಲ್ಕಕ್ಕೆ ಸಮಿತಿ ಕೂರುತ್ತದೆ. ಅಂದು ಶುದ್ಧ ಮಾಡಿದ ಕಿಣ್ವವನ್ನು ಜೀವಂತವಾಗಿ ತೋರಿಸಿದರೆ ಪ್ರಬಂಧ ಬರೆಯಲು ಇನ್ನಾರು ತಿಂಗಳು ಕೊಡುತ್ತಾರೆ. ತೋರಿಸದಿದ್ದರೆ ನೋಂದಣಿ ರದ್ದು. ಇದನ್ನು ತೆಲುಗಿನಲ್ಲಿ ಮೆತ್ತಗೆ ಒಂದು ಸಲ, ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಇನ್ನೊಂದು ಸಲ ಹೇಳಿದರು. ಎರಡಕ್ಕೂ ನಾನು ಸಾರಿ ಎಂದೆ.

ನಾಚಾರಂ ಸ್ಟಾಪು ಬರುವ ಮೊದಲೇ ಕೊರಳಿನ ಕಾರ್ಡು ತೆಗೆದು ಚೀಲಕ್ಕೆ ಹಾಕಿಕೊಂಡೆ, ದಿನದಂತೆ. ನಲವತ್ತೆಂಟನೆಯ ವಯಸ್ಸಿನಲ್ಲಿ 'ರಿಸರ್ಚ್ ಸ್ಟೂಡೆಂಟ್' ಎಂದು ಬರೆದದ್ದನ್ನು ತೂಗುಬಿಟ್ಟುಕೊಂಡು ಮೆಂತ್ಯದ ಸೊಪ್ಪು ಕೊಳ್ಳಲು ಆಗುವುದಿಲ್ಲ. ಅಪಾರ್ಟ್‌ಮೆಂಟಿನವರೆಲ್ಲ ನಾನು ಯೂನಿವರ್ಸಿಟಿಯಲ್ಲಿ ಪಾಠ ಹೇಳುತ್ತೇನೆ ಎಂದುಕೊಂಡಿದ್ದಾರೆ. ದಿಲ್‌ಸುಖ್‌ನಗರದ ಜೂನಿಯರ್ ಕಾಲೇಜಿನಲ್ಲಿ ಹದಿನೇಳು ವರ್ಷ ಹೇಳಿದ್ದಂತೂ ನಿಜ. ಬಿಟ್ಟದ್ದನ್ನು ಯಾರಿಗೂ ಹೇಳಿಲ್ಲ, ಅಷ್ಟೇ.

ಏಪ್ರಿಲ್ 7, ಸೋಮವಾರ

ನಮ್ಮ ಮನೆಯದೊಂದು ತಮಾಷೆ. ಇವರಿಗೆ ಬಿ.ಪಿ. ಬಂದಮೇಲೆ ಅಡುಗೆಗೆ ಉಪ್ಪು ಅರ್ಧಕ್ಕೆ ಇಳಿದಿದೆ. ಲ್ಯಾಬಿನಲ್ಲಿ ನಾನು ಸಾಕಿರುವ ಬ್ಯಾಕ್ಟೀರಿಯಾಕ್ಕೆ ಸಮುದ್ರದ ನೀರಿಗಿಂತ ಐದು ಪಟ್ಟು ಉಪ್ಪು ಬೇಕು. "ನನ್ನ ಪಾಲಿಂದು ಅದಕ್ಕ ಬಡಸಾಕತ್ತೀದಿ," ಎಂದು ಇವರು ಸಪ್ಪೆ ಸಾರಿಗೆ ರೊಟ್ಟಿ ಅದ್ದುತ್ತ ಗೊಣಗಿದರು. ಫ್ಯಾಕ್ಟರಿಯಲ್ಲಿ ಇವರಿಗೆ ಮಹೇಶಕುಮಾರ ಸಾಹೇಬರು ಎಂದು ಗೌರವವಿದೆ. ಮನೆಯಲ್ಲಿ ಉಪ್ಪಿನ ಡಬ್ಬಿ ಎಲ್ಲಿ ಅಡಗಿಸಿಟ್ಟಿದ್ದೇನೆ ಎಂದು ಹುಡುಕುವುದೇ ಕೆಲಸ.

ಆ ಬ್ಯಾಕ್ಟೀರಿಯಾ ಸಿಕ್ಕಿದ್ದು ಎಲ್ಲಿ ಎಂಬುದನ್ನು ಇಲ್ಲಿಯಾದರೂ ಬರೆಯಬೇಕು. ಎದುರು ಮನೆ ಶರಣಬಸಮ್ಮನವರು ಶಹಾಪುರದ ಕಡೆಯವರು, ಅರವತ್ತಾರು ವರ್ಷ. ಪ್ರತಿ ಬೇಸಿಗೆಯಲ್ಲೂ ಇಡೀ ಕಟ್ಟಡಕ್ಕೆ ಸಾಲುವಷ್ಟು ಮಾವಿನಕಾಯಿ ಉಪ್ಪಿನಕಾಯಿ ಹಾಕುತ್ತಾರೆ. ಅದಕ್ಕೆ ಬೇಗಂ ಬಜಾರಿನಿಂದ ಹರಳುಪ್ಪಿನ ಚೀಲವೇ ಬರುತ್ತದೆ. ನಾಲ್ಕು ವರ್ಷದ ಹಿಂದೆ ಕೈಜೋಡಿಸಲು ಹೋದಾಗ ಚೀಲದ ಮೂಲೆಯ ಹರಳುಗಳಿಗೆ ತಿಳಿ ಗುಲಾಬಿ ಬಣ್ಣ ಏರಿದ್ದು ಕಂಡಿತು. ಯಾರಿಗೂ ಕಾಣದಂತೆ ಒಂದು ಹಿಡಿಯನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಬಂದೆ. ಅದರಲ್ಲಿ ಒಂಬತ್ತು ಬಗೆ ಬೆಳೆದವು. ಒಂಬತ್ತರಲ್ಲಿ ಒಂದು ಮಾತ್ರ ಹಾಲು ಬೆರೆಸಿದ ತಟ್ಟೆಯ ಮೇಲೆ ತನ್ನ ಸುತ್ತ ಚಂದ್ರನ ಹಾಗೆ ತಿಳಿಯಾದ ಬಟ್ಟಲು ಕೊರೆಯಿತು. ಹಾಲಿನ ಪ್ರೋಟೀನನ್ನು ಕತ್ತರಿಸುವ ಕಿಣ್ವ ಅದರಿಂದ ಹೊರಬರುತ್ತಿತ್ತು. ಉಪ್ಪುಪ್ಪಾದ ಕಡೆ ಬೇರೆ ಕಿಣ್ವಗಳು ಕೈಚೆಲ್ಲುತ್ತವೆ, ಇದು ಅಲ್ಲೇ ಚುರುಕು.

ಲ್ಯಾಬಿನ ರಿಜಿಸ್ಟರಿನಲ್ಲಿ 'ಹರಳುಪ್ಪು, ಹೈದರಾಬಾದ್ ಮಾರುಕಟ್ಟೆ' ಎಂದು ಬರೆದೆ. ಸುಳ್ಳಲ್ಲ. ಆದರೆ ಶರಣಬಸಮ್ಮನವರಿಗೆ ಇಂದಿಗೂ ಹೇಳಿಲ್ಲ. ಬ್ಯಾಕ್ಟೀರಿಯಾ ಎಂಬ ಮಾತು ಲಿಫ್ಟಿನಲ್ಲಿ ಒಮ್ಮೆ ಹೊರಬಿದ್ದರೆ ಅವರ ಉಪ್ಪಿನಕಾಯಿಯನ್ನು ಯಾರೂ ಮುಟ್ಟುವುದಿಲ್ಲ. ಮೂವತ್ತು ವರ್ಷದ ಕೈರುಚಿಯ ಹೆಸರು ಅದು.

ಏಪ್ರಿಲ್ 11, ಶುಕ್ರವಾರ

ಐದನೆಯ ಸಲ. ಸತ್ತಿತು.

ಏಪ್ರಿಲ್ 12, ಶನಿವಾರ

ನಿನ್ನೆ ಬರೆಯಲು ಮನಸ್ಸಾಗಲಿಲ್ಲ. ಆಗಿದ್ದು ಇಷ್ಟು. ಬ್ಯಾಕ್ಟೀರಿಯಾ ಬೆಳೆದ ಉಪ್ಪುನೀರಿನಲ್ಲಿ ನೂರೆಂಟು ಪ್ರೋಟೀನುಗಳಿರುತ್ತವೆ. ಅದರಿಂದ ನಮ್ಮ ಕಿಣ್ವವೊಂದನ್ನೇ ಬೇರ್ಪಡಿಸಲು, ಸಣ್ಣ ಸಣ್ಣ ಮಣಿಗಳು ತುಂಬಿದ ಗಾಜಿನ ಕಾಲಮ್ಮಿಗೆ ಅದನ್ನು ಸುರಿಯುತ್ತೇವೆ. ಉಪ್ಪು ಹೆಚ್ಚಿದ್ದಾಗ ಪ್ರೋಟೀನುಗಳು ಮಣಿಗಳಿಗೆ ಅಂಟಿಕೊಳ್ಳುತ್ತವೆ. ಸುರಿಯುವ ನೀರಿನಲ್ಲಿ ಉಪ್ಪನ್ನು ಇಳಿಸುತ್ತ ಬಂದಂತೆ ಒಂದೊಂದಾಗಿ ಕೈಬಿಟ್ಟು ಕೆಳಗಿನ ಟ್ಯೂಬುಗಳಿಗೆ ಇಳಿಯುತ್ತವೆ. ನಮ್ಮದು ಹಟಮಾರಿ, ಉಪ್ಪು ಪೂರ್ತಿ ಹೋಗುವವರೆಗೂ ಕೈಬಿಡುವುದಿಲ್ಲ. ಬಿಟ್ಟ ಮೇಲೆ ಉಪ್ಪಿಲ್ಲದ ನೀರಿನಲ್ಲಿ ಬದುಕುವುದಿಲ್ಲ. ಅರವತ್ತು ಟ್ಯೂಬು ತುಂಬಲು ನಾಲ್ಕು ಗಂಟೆ. ಎಲ್ಲ ತುಂಬಿದ ಮೇಲೆ ನಾವು ಉಪ್ಪು ಸೇರಿಸುತ್ತೇವೆ. ಅಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಪ್ರೋಟೀನು ಇದೆ ಎಂದು ಯಂತ್ರ ಹೇಳುತ್ತದೆ. ಹಾಲಿನ ತಟ್ಟೆಯ ಮೇಲೆ ಹನಿ ಇಟ್ಟರೆ ಬಿಳಿ ಬಿಳಿಯಾಗಿಯೇ ಉಳಿಯುತ್ತದೆ.

ಪಕ್ಕದ ಬೆಂಚಿನ ಹರ್ಷದಾ ಭಾಲ್ಕಿಯ ಹುಡುಗಿ, ಹೋದ ವರ್ಷವೇ ಪ್ರಬಂಧ ಕೊಟ್ಟವಳು. ತಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ, "ಅಕ್ಕಾ, ನಿಮ್ಮ ಎಂಜೈಮ್ ಮಂಟಪದ ತನಕ ಬಂದು ಕೈ ಕೊಡೋ ವರ ಇದ್ದಂಗ ಐತ್ರಿ," ಎಂದಳು. ನಗು ಬಂತು. ನಕ್ಕ ಮೇಲೆ ಬಾತ್‌ರೂಮಿಗೆ ಹೋಗಿ ಮುಖ ತೊಳೆದುಕೊಂಡೆ.

ಮೇಡಂ ಬೇರೆ ಬಗೆಯ ಮಣಿಗಳನ್ನು ತರಿಸೋಣವೆಂದರು. ಬರಲು ಆರು ವಾರ. ಸಮಿತಿಗೆ ಉಳಿದಿರುವುದು ಮೂವತ್ತೆರಡು ದಿನ. ಸಾರಿ ಮೇಡಂ ಎಂದೆ. ಹಡಗಿನಲ್ಲಿ ಬರುವ ಸರಕಿಗೂ ನಾನೇ ಕ್ಷಮೆ ಕೇಳಿದ ಹಾಗಾಯಿತು.

ಏಪ್ರಿಲ್ 20, ಭಾನುವಾರ

ಶರಣಬಸಮ್ಮನವರ ಮನೆಯಲ್ಲಿ ಉಪ್ಪಿನಕಾಯಿ. ಹೋಗುವ ಮನಸ್ಸಿರಲಿಲ್ಲ. ಆದರೆ ಬೆಳಿಗ್ಗೆ ಏಳಕ್ಕೇ ಬಾಗಿಲು ಬಡಿದು, "ಟೀಚರ್ರ, ಇವತ್ತ ಕ್ಲಾಸಿಲ್ಲಲ್ರಿ? ಬರ್ರಿ, ನಿಮ್ಮ ಕೈ ಒಣಾ ಇರತಾವ," ಎಂದರು. ಅವರ ಲೆಕ್ಕದಲ್ಲಿ ಅದು ದೊಡ್ಡ ಹೊಗಳಿಕೆ. ಬೆವರುವ ಕೈಯವರನ್ನು ಅವರು ಮಾವಿನಕಾಯಿಯ ಹತ್ತಿರ ಬಿಡುವುದಿಲ್ಲ.

ನಡುಮನೆಯಲ್ಲಿ ಹಳೆಯ ಸೀರೆ ಹಾಸಿ, ಒರೆಸಿ ಆರಿಸಿದ ಕಾಯಿಗಳ ರಾಶಿ. ಮೂರು ಭರಣಿಗಳು ಎರಡು ದಿನ ಬಿಸಿಲುಂಡು ಬಂದು ಕೂತಿದ್ದವು. ಶರಣಬಸಮ್ಮನವರು ಈಳಿಗೆಮಣೆ ಮೇಲೆ ಓಟೆ ಸಮೇತ ಹೋಳು ಕೊಯ್ಯುತ್ತ ಮೂರನೆಯ ಮಹಡಿಯ ಸೊಸೆ ಅತ್ತೆಯರ ಸುದ್ದಿ ಹೇಳುತ್ತಿದ್ದರು. ನಾನು ಅರ್ಧ ಕೇಳುತ್ತಿದ್ದೆ. ಉಳಿದರ್ಧ ಮನಸ್ಸು ಟ್ಯೂಬುಗಳಲ್ಲಿತ್ತು. ಹಾಗೇ ಒಂದು ಬೊಗಸೆ ಹೋಳನ್ನು ಎತ್ತಿ ಖಾಲಿ ಭರಣಿಗೆ ಹಾಕಲು ಹೋದೆ. ಅವರು ನನ್ನ ಮಣಿಕಟ್ಟು ಹಿಡಿದುಬಿಟ್ಟರು.

"ನಿಲ್ರಿ ಟೀಚರ್ರ. ತಳಕ್ಕ ಉಪ್ಪು ಬಿದ್ದಿಲ್ಲ ಇನ್ನಾ."

ಹೇಗಿದ್ದರೂ ಮೇಲೆ ಉಪ್ಪು ಖಾರ ಕಲಸುತ್ತೀರಲ್ಲ, ತಳಕ್ಕೆ ಬೇರೆ ಯಾಕೆ ಎಂದು ಕೇಳಿದೆ. ಇಷ್ಟು ವರ್ಷ ಅವರು ಹಾಗೆ ಹಾಕುವುದನ್ನು ನೋಡಿಯೂ ಕೇಳಿರಲಿಲ್ಲ.

"ಆಮ್ಯಾಲ ಹಾಕಿದ್ರ ಉಪ್ಪು ಕಾಯಿ ಹಿಂದ ಓಡಬೇಕಾಗತೈತಿ. ಕಾಯಿ ಬಂದು ಬೀಳೂದ್ರಾಗ ಉಪ್ಪು ಮೊದ್ಲ ಬಂದು ಕುಂತಿರಬೇಕು. ಬೀಗರು ಬಂದ ಮ್ಯಾಲ ಚಾಪಿ ಹುಡುಕ್ತಾರೇನ್ರಿ?"

ಬೊಗಸೆಯಲ್ಲಿ ಮಾವಿನ ಹೋಳು ಹಿಡಿದು ಎಷ್ಟು ಹೊತ್ತು ನಿಂತಿದ್ದೆನೋ. "ಏನಾತ್ರಿ, ಕೈ ಕೊಯ್ಕೊಂಡ್ರೇನು?" ಎಂದು ಅವರು ಎದ್ದು ಬಂದರು. ಇಲ್ಲ, ಚಾಪೆ ಹಾಸುವುದು ಮರೆತಿದ್ದೆ ಎಂದೆ. ಅವರಿಗೆ ಅರ್ಥವಾಗಲಿಲ್ಲ. ನನಗೆ ಆಯಿತು.

ಏಪ್ರಿಲ್ 21, ಸೋಮವಾರ

ಟ್ಯೂಬಿಗೆ ಮೊದಲು ಉಪ್ಪು. ಆಮೇಲೆ ಕಿಣ್ವ. ಎಷ್ಟು ಸಣ್ಣ ಮಾತು. ಕಾಲಮ್ಮಿನಿಂದ ಹನಿ ಬೀಳುವ ಮೊದಲೇ ಉಪ್ಪು ತಳದಲ್ಲಿ ಕೂತಿರಬೇಕು. ನಾಲ್ಕು ಗಂಟೆ ಆದಮೇಲೆ ಅಲ್ಲ, ಬಿದ್ದ ಕ್ಷಣದಲ್ಲಿ.

ಮಸಾಲೆ ಡಬ್ಬಿಯ ಪುಟ್ಟ ಚಮಚವನ್ನು ಮನೆಯಿಂದಲೇ ಒಯ್ದೆ. ಒಂದು ಚಮಚ ಉಪ್ಪು ತೂಗಿ ನೋಡಿದರೆ ಬೇಕಾದಷ್ಟೇ ಬಂತು, ಹದಿನೇಳು ವರ್ಷ ಮಕ್ಕಳಿಗೆ ಅಳತೆ ಕಲಿಸಿದ ಕೈ. ಅರವತ್ತು ಟ್ಯೂಬಿಗೂ ಹಾಕುವಷ್ಟರಲ್ಲಿ ಹರ್ಷದಾ ಬಂದಳು. ಒಗ್ಗರಣೆಗೆ ಸಾಸಿವೆ ತರಲೇ ಎಂದು ಕೇಳಿದಳು.

ಮೇಡಂಗೆ ಮೊದಲು ಹೇಳುವುದು ಮರೆತೇ ಹೋಗಿತ್ತು. ಕಾಲಮ್ಮು ಓಡತೊಡಗಿದ ಮೇಲೆ ಹೋಗಿ ಹೇಳಿದೆ. ಅವರು ಕನ್ನಡಕದ ಮೇಲಿನಿಂದ ನೋಡಿ, ಯಾವ ಪೇಪರಿನಲ್ಲಿದೆ ಇದು ಎಂದರು. ಯಾವುದರಲ್ಲೂ ನೋಡಿಲ್ಲ ಎಂದೆ.

ಏಪ್ರಿಲ್ 22, ಮಂಗಳವಾರ

ಮಸುಕು. ನಲವತ್ತಮೂರನೆಯ ಟ್ಯೂಬಿನ ಹನಿಯ ಸುತ್ತ ಹಾಲು ಒಂದಿಷ್ಟು ತಿಳಿಯಾಗಿದೆ, ಕಣ್ಣು ಕಿರಿದು ಮಾಡಿ ನೋಡಿದರೆ. ಹರ್ಷದಾ ಅದು ನನ್ನ ಆಸೆ ಎಂದಳು. ನಾನು ಅಲ್ಲ ಎಂದೆ. ಬಹಳ ಹೊತ್ತು ವಾದ ಮಾಡಿದೆವು. ಟ್ಯೂಬುಗಳನ್ನು ಎತ್ತಿ ನೋಡಿದಾಗ ಗೊತ್ತಾಯಿತು, ಉಪ್ಪು ಕರಗಿಲ್ಲ. ತಳದಲ್ಲಿ ಗಟ್ಟಿಯಾಗಿ ಕೂತಿದೆ, ಕಿಣ್ವ ಮೇಲಿನ ಸಪ್ಪೆ ನೀರಿನಲ್ಲಿ ಒದ್ದಾಡಿ ಹೋಗಿದೆ. ಬೀಗರು ಬಂದಿದ್ದಾರೆ, ಚಾಪೆ ಸುತ್ತಿಯೇ ಇದೆ.

ಏಪ್ರಿಲ್ 24, ಗುರುವಾರ

ಉಪ್ಪನ್ನು ಒರಳಿನಲ್ಲಿ ಹಿಟ್ಟಿನ ಹಾಗೆ ಅರೆದೆ. ಒಂದೊಂದು ಟ್ಯೂಬಿಗೂ ಹನಿ ಬೀಳುವಾಗ ಪಕ್ಕದಲ್ಲೇ ನಿಂತು ಕೈಯಿಂದ ಅಲುಗಿಸಿದೆ. ಯಂತ್ರದ ಮೇಲೆ ಭಾರ ಹಾಕಿ ಊಟಕ್ಕೆ ಹೋಗುವ ಕೆಲಸವಲ್ಲ ಇದು. ನಾಲ್ಕು ಗಂಟೆ ನಿಂತೇ ಇದ್ದೆ. ಕಾಲು ಮರಗಟ್ಟಿತು. ಮೇಡಂ ಒಮ್ಮೆ ಬಂದರು, ಒಂದು ಸ್ಟೂಲು ತಂದಿಟ್ಟು ಹೋದರು.

ಏಪ್ರಿಲ್ 25, ಶುಕ್ರವಾರ

ನಲವತ್ತಮೂರು, ನಲವತ್ತನಾಲ್ಕು, ನಲವತ್ತೈದು. ಹಾಲಿನ ತಟ್ಟೆಯಲ್ಲಿ ಮೂರು ಚಂದ್ರರು. ಕಣ್ಣು ಕಿರಿದು ಮಾಡಬೇಕಿಲ್ಲ, ಬಾಗಿಲಿನಿಂದಲೇ ಕಾಣುತ್ತವೆ.

ಹರ್ಷದಾ ತಟ್ಟೆ ಹಿಡಿದು ಕಾರಿಡಾರಿನ ತುಂಬ ತೋರಿಸಿಕೊಂಡು ಬಂದಳು. ಮೇಡಂ ತಟ್ಟೆಯನ್ನು ನೋಡಿ, ಚಮಚವನ್ನು ನೋಡಿ, ಇದರ ಮೇಲೆ ಲೇಬಲ್ ಅಂಟಿಸಿ, ಇನ್ನು ಇದು ಲ್ಯಾಬಿನದು ಎಂದರು. ಆಗುವುದಿಲ್ಲ ಮೇಡಂ, ನಾಳೆ ಬೆಳಿಗ್ಗೆ ಚಿತ್ರಾನ್ನಕ್ಕೆ ಬೇಕು ಎಂದೆ. ಅವರು ನಕ್ಕದ್ದನ್ನು ಆರು ವರ್ಷದಲ್ಲಿ ಇದೇ ಮೊದಲು ಕೇಳಿದೆ.

ಬರುತ್ತ ಸ್ಟಾಪಿನ ಹತ್ತಿರ ಎರಡು ಕಟ್ಟು ಮೆಂತ್ಯದ ಸೊಪ್ಪು, ಕಾಲು ಕಿಲೋ ಹಸಿಮೆಣಸಿನಕಾಯಿ. ಸೊಪ್ಪಿನವಳು ಕೊರಳಿನ ಕಾರ್ಡು ನೋಡಿ, ಏನು ಓದುತ್ತಿದ್ದೀ ಅಮ್ಮಾ ಎಂದು ತೆಲುಗಿನಲ್ಲಿ ಕೇಳಿದಳು. ಉಪ್ಪಿನ ಬಗ್ಗೆ ಎಂದೆ. ಅದನ್ನೂ ಓದಬೇಕಾ ಎಂದು ಒಂದು ಕಂತೆ ಕೊತ್ತಂಬರಿ ಪುಕ್ಕಟೆ ಹಾಕಿದಳು. ಸೊಪ್ಪು ಬಹಳ ಎಳೆಯದಾಗಿತ್ತು.

ಮೇ 2, ಶುಕ್ರವಾರ

ಕಿಣ್ವ ಶುದ್ಧವೋ ಎಂದು ಪರೀಕ್ಷಿಸುವ ಜೆಲ್ಲಿನ ಮೇಲೆ ಒಂದೇ ಒಂದು ಪಟ್ಟಿ. ಕಲಬೆರಕೆಯಿದ್ದರೆ ಏಣಿಯ ಹಾಗೆ ಹಲವು ಪಟ್ಟಿ ಬರುತ್ತವೆ. ಇದು ಒಂಟಿ, ನೀಲಿ, ನೇರ, ಶಾಲೆಯ ಕಾಪಿಪುಸ್ತಕದಲ್ಲಿ ಹಾಕಿದ ಅಡಿಗೆರೆಯ ಹಾಗೆ. ಫೋನಿನಲ್ಲಿ ಫೋಟೋ ತೆಗೆದು ಇವರಿಗೆ ಕಳಿಸಿದೆ. ಏನಿದು, ಕರೆಂಟು ಬಿಲ್ಲಾ ಎಂದು ಉತ್ತರ. ಆದರೆ ಸಂಜೆ ಬರುವಾಗ ಬೇಗಂಪೇಟೆಯಿಂದ ಜಿಲೇಬಿ ತಂದರು. ಉಪ್ಪಿಗೆ ಮಾತ್ರ ಡಾಕ್ಟರರ ನಿಷೇಧ, ಸಕ್ಕರೆಗೆ ಇಲ್ಲವಂತೆ.

ಮೇ 8, ಗುರುವಾರ

ಈಗ ಅದರ ಗುಣ ಸ್ವಭಾವ ಬರೆದಿಡುವ ಕೆಲಸ, ಜಾತಕ ಬರೆದ ಹಾಗೆ. ಬಿಸಿ ಎಷ್ಟು ಬೇಕು: ಐವತ್ತೈದು ಡಿಗ್ರಿಯಲ್ಲಿ ಅತಿ ಚುರುಕು. ನೂರಕ್ಕೆ ಹದಿನೆಂಟು ಪಾಲು ಉಪ್ಪಿನಲ್ಲಿ ಸುಖ. ಉಪ್ಪು ತೆಗೆದರೆ ಹತ್ತು ನಿಮಿಷಕ್ಕೆ ಶಕ್ತಿ ಅರ್ಧ, ಅರ್ಧ ಗಂಟೆಗೆ ಸೊನ್ನೆ. ಆಮೇಲೆ ಎಷ್ಟು ಉಪ್ಪು ಸುರಿದರೂ ಏಳುವುದಿಲ್ಲ. ಕಿಣ್ವವೆಂದರೆ ಒಂದು ಮಡಿಕೆ, ದಾರವನ್ನು ಹೀಗೆ ಹೀಗೆ ಸುತ್ತಿ ಇಟ್ಟ ಆಕಾರ. ಉಪ್ಪು ಆ ಮಡಿಕೆಯನ್ನು ಹಿಡಿದಿರುತ್ತದೆ. ಉಪ್ಪು ಹೋದರೆ ಮಡಿಕೆ ಬಿಚ್ಚುತ್ತದೆ.

ಹಾಗಾದರೆ ಆ ಗೋಡೆಪತ್ರಿಕೆಯ ಸಾಲಿಗೆ ಉತ್ತರ ಸಿಕ್ಕಿತೇನೋ. ನೀರಿಗೆ ಉಪ್ಪಿನ ನೆನಪಿದೆಯೋ ಇಲ್ಲವೋ, ಉಪ್ಪಿನಲ್ಲಿ ಬೆಳೆದದ್ದಕ್ಕೆ ಇದೆ. ಅದರ ಆಕಾರವೇ ನೆನಪು. ಬರೆದವರು ಎದುರು ಸಿಕ್ಕರೆ ಹೇಳುತ್ತೇನೆ, ನಿಮ್ಮ ಸಾಲು ಅರ್ಧ ಸರಿ.

ಎರಡೂವರೆ ಗಂಟೆ ಬರೆದ ಅಂಕಿಗಳನ್ನು ಮೇಡಂ ತಿದ್ದಲು ಬಂದರು. ಒಂದು ಕಡೆ ಅವರು ತಪ್ಪು ಕೂಡಿಸಿದ್ದರು. ತೋರಿಸಿದೆ. ಅವರೇ ಸಾರಿ ಎಂದರು.

ಮೇ 14, ಬುಧವಾರ

ಸಮಿತಿ. ನಾಲ್ಕು ಜನ. ಹೊರಗಿನಿಂದ ಬಂದವರು ಪ್ರೊಫೆಸರ್ ತಿಪ್ಪೇಸ್ವಾಮಿ, ದಾವಣಗೆರೆಯ ಕಡೆಯವರು. ಹೋದ ಸಲ ಇವರೇ ಎಲ್ಲರೆದುರು, ಈ ವಯಸ್ಸಿನಲ್ಲಿ ಯಾಕಮ್ಮಾ ಇದೆಲ್ಲ ಎಂದು ಕನ್ನಡದಲ್ಲಿ ಮೆಲ್ಲಗೆ ಕೇಳಿದ್ದರು, ಮೆಲ್ಲಗೆ ಕೇಳಿದ್ದೇ ಹೆಚ್ಚು ಚುಚ್ಚಿತ್ತು. ಆ ದಿನ ನಾನು ನೆಲ ನೋಡಿದ್ದೆ.

ಇಪ್ಪತ್ತು ನಿಮಿಷ ಮಾತಾಡಿದೆ. ಜೆಲ್ಲು, ಮೂರು ಚಂದ್ರರು, ಉಪ್ಪಿನ ರೇಖೆ. ಟ್ಯೂಬಿಗೆ ಮೊದಲು ಉಪ್ಪು ಹಾಕುವ ವಿಧಾನ ಎಲ್ಲಿಂದ ಬಂತು ಎಂದು ತಿಪ್ಪೇಸ್ವಾಮಿ ಸರ್ ಕೇಳಿದರು. ಎದುರು ಮನೆಯಿಂದ ಎಂದೆ. ಬ್ಯಾಕ್ಟೀರಿಯಾ ಎಲ್ಲಿಂದ ಎಂದರು. ಅದೂ ಎದುರು ಮನೆಯಿಂದಲೇ ಎಂದೆ. ನಳಿನಿ ಮೇಡಂ ತಿರುಗಿ ನೋಡಿದರು, ಅವರಿಗೂ ಮಾರುಕಟ್ಟೆ ಎಂದೇ ಗೊತ್ತಿದ್ದದ್ದು. ಆಮೇಲೆ ಎಲ್ಲ ಹೇಳಿದೆ, ಚೀಲದ ಮೂಲೆ, ಗುಲಾಬಿ ಹರಳು, ಸೆರಗಿನ ಗಂಟು, ಬೀಗರ ಚಾಪೆ. ಹೇಳುತ್ತ ಹೋದ ಹಾಗೆ ನಾಲ್ವರಲ್ಲಿ ಮೂವರು ಪೆನ್ನು ಕೆಳಗಿಟ್ಟು ಕೇಳುತ್ತಿದ್ದರು.

ಫಲಿತಾಂಶ: ಆರು ತಿಂಗಳು ಕೊಡಬಹುದು. ಷರತ್ತು ಒಂದು. ಪ್ರಬಂಧದಲ್ಲಿ ಮೂಲ ಮಾರುಕಟ್ಟೆ ಎಂದಿರಬಾರದು. ಮನೆ, ದಿನ, ಉಪ್ಪಿನ ಒಡತಿಯ ಹೆಸರು, ಜೊತೆಗೆ ಅವರ ಒಪ್ಪಿಗೆ ಸಹಿ. ಮೂವತ್ತೊಂದರೊಳಗೆ. ಹೊರಗೆ ಬರುವಾಗ ತಿಪ್ಪೇಸ್ವಾಮಿ ಸರ್ ಬಾಗಿಲು ತೆರೆದು ಹಿಡಿದು, "ನಿಮ್ಮ ಅಜ್ಜಿ ಒಪ್ಪದಿದ್ರೆ ಏನ್ಮಾಡ್ತೀರಿ?" ಎಂದರು.

ಅಜ್ಜಿಯಲ್ಲ ಸರ್, ನನ್ನ ಟೀಚರ್ ಎಂದೆ. ಉತ್ತರ ಬಾಯಿಗೆ ತಾನಾಗಿ ಬಂತು. ಆದರೆ ಅವರ ಪ್ರಶ್ನೆ ನನ್ನ ಜೊತೆ ಬಸ್ಸು ಹತ್ತಿತು.

ಮೇ 16, ಶುಕ್ರವಾರ

ನಿನ್ನೆ ಎರಡು ಸಲ ಅವರ ಬಾಗಿಲವರೆಗೆ ಹೋಗಿ ಬಂದೆ. ಇವತ್ತು ಬಸ್ಸಿಳಿದವಳು ಮನೆಯ ಬೀಗವನ್ನೂ ತೆಗೆಯದೆ ನೇರ ಅವರ ಬೆಲ್ಲು ಒತ್ತಿದೆ.

ಚಹಾ ಕೊಟ್ಟರು. ಕುಡಿಯುವ ಮೊದಲೇ ಹೇಳಿಬಿಟ್ಟೆ. ನಾಲ್ಕು ವರ್ಷದ ಹಿಂದೆ ನಿಮ್ಮ ಚೀಲದಿಂದ ಒಂದು ಹಿಡಿ ಉಪ್ಪು ಕೇಳದೆ ಒಯ್ದೆ, ಅದರಲ್ಲಿ ಒಂದು ಸೂಕ್ಷ್ಮಜೀವಿ ಇತ್ತು, ಅದನ್ನೇ ಓದುತ್ತಿದ್ದೇನೆ, ನಾನು ಟೀಚರ್ ಅಲ್ಲ, ವಿದ್ಯಾರ್ಥಿನಿ. ಅದು ಯಾರಿಗೂ ಕೇಡು ಮಾಡುವುದಿಲ್ಲ, ಸಮುದ್ರದ ಉಪ್ಪಿನಲ್ಲೆಲ್ಲ ಇಂಥವು ಇರುತ್ತವೆ ಎಂದೂ ಹೇಳಿದೆ. ಅವರ ಕಣ್ಣು ಮೂಲೆಯ ಮೂರು ಭರಣಿಗಳ ಮೇಲಿತ್ತು. ಮೂವತ್ತು ವರ್ಷದ ಹೆಸರನ್ನು ಅವರು ಅಲ್ಲಿ ನೋಡುತ್ತಿದ್ದರು, ಆರು ವರ್ಷದ ನನ್ನ ದುಡಿಮೆಯನ್ನು ನಾನು ಅವರ ಮುಖದಲ್ಲಿ.

ಕೊನೆಗೆ ಒಂದೇ ಮಾತು ಕೇಳಿದರು. "ಗೊತ್ತಾದ ಮ್ಯಾಲನೂ ನನ್ನ ಉಪ್ಪಿನಕಾಯಿ ತಿಂದೀರೇನು?"

ನಾಲ್ಕು ವರ್ಷ, ದಿನಾ ತಿಂದಿದ್ದೇನೆ ಎಂದೆ. ಮನೆಯಲ್ಲಿ ಉಪ್ಪಿಗೆ ಕಟ್ಟು, ಅದಕ್ಕೇ ಇವರಿಗೆ ಕಾಣದಂತೆ ಅಡುಗೆಮನೆಯಲ್ಲಿ ನಿಂತು ತಿನ್ನುತ್ತೇನೆ ಎಂದೂ ಸೇರಿಸಿದೆ. ಇದನ್ನು ಸಮಿತಿಯೆದುರು ಹೇಳಿರಲಿಲ್ಲ.

ಅವರ ಹೊಟ್ಟೆ ಅಲುಗತೊಡಗಿತು. ನಗು ತುಟಿಗೆ ಬರಲು ಇನ್ನಷ್ಟು ಹೊತ್ತು ಹಿಡಿಯಿತು. ಕನ್ನಡಕ ತಂದು ಮೊದಲು ಕಾಗದ ಓದಲಿಲ್ಲ. ನನ್ನ ಕೊರಳಿನ ಕಾರ್ಡನ್ನು ಎಳೆದು ಓದಿದರು, ಫೋಟೋ ಚೆನ್ನಾಗಿ ಬಂದಿಲ್ಲ ಎಂದರು. ತೆಗೆಯುವುದೇ ಮರೆತಿದ್ದೆ. ಆಮೇಲೆ ಒಪ್ಪಿಗೆಯ ಕಾಗದವನ್ನು ಭರಣಿಯ ಮುಚ್ಚಳದ ಮೇಲಿಟ್ಟುಕೊಂಡು, ಒಂದೊಂದೇ ಅಕ್ಷರ ಕೂಡಿಸಿ ಕನ್ನಡದಲ್ಲಿ ಸಹಿ ಮಾಡಿದರು. ಹೆಸರಿನ ಕೆಳಗೆ ಊರನ್ನೂ ಬರೆದರು.

ಎದ್ದು ಬಂದೆ. ನನ್ನ ಬಾಗಿಲಿಗೆ ಕೀಲಿ ಹಾಕಿ ತಿರುಗಿಸುವಾಗ ಅವರು ತಮ್ಮ ಹೊಸ್ತಿಲ ಮೇಲೆ ನಿಂತು ಕರೆದರು.

"ಸುವರ್ಣಾ, ಹುಟ್ಟಿದ್ದು ನಮ್ಮನ್ಯಾಗ, ಬೆಳದದ್ದು ನಿನ್ನ ಕೈಯಾಗ. ನಾಕು ವರ್ಷಾತು, ತವರಿನವರು ಒಬ್ಬರೂ ನೋಡಾಕ ಬಂದಿಲ್ಲಂದ್ರ ಅದೇನು ತಿಳ್ಕೋಬೇಕು? ಸೋಮವಾರ ನಿನ್ನ ಲ್ಯಾಬಿಗೆ ನಾನೂ ಬರ್ತೀನಿ. ಬರಿಗೈಲೆ ಬರಂಗಿಲ್ಲ, ಒಂದು ಕಿಲೋ ಉಪ್ಪು ಕಟ್ಕೊಂಡ ಬರ್ತೀನಿ."